ಸರ್ಪಸುತ್ತಿಗೆ ಅಸೈಕ್ಲೋವಿರ್ ಕೊಟ್ಟಿದ್ದಾರಾ? ಹೀಗೆ ತಗೊಳ್ಳಿ

ಮೊದಲನೆಯದಾಗಿ ತಡ ಮಾಡಬೇಡಿ. ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರುವಾಗಬೇಕು. ಮಳೆಗಾಲದಲ್ಲಿ ತೋಟದಿಂದ ಮಡಿಕೇರಿಗೋ ವಿರಾಜಪೇಟೆಗೋ ಹೋಗುವುದೇ ಒಂದು ದೊಡ್ಡ ಕೆಲಸ, ಗೊತ್ತು, ಆದರೆ ಮಳೆ ಬಿಡಲಿ ಅಂತ ಕೆಮ್ಮಣ್ಣು ಹಚ್ಚಿಕೊಂಡು ಕೂತರೆ ವೈರಸ್ ಕಾಯುವುದಿಲ್ಲ.

ಅದು ನಮ್ಮ ಜೀವಕೋಶದೊಳಗೆ ಕೂತು ತನ್ನ ಡಿಎನ್‌ಎ ನಕಲು ಮಾಡುತ್ತಿರುತ್ತದೆ. ಡಿಎನ್‌ಎ ಕಟ್ಟಲು ಬೇಕಾದ ತುಣುಕುಗಳಲ್ಲಿ ಒಂದರ ಹಾಗೇ ಇದೆ ಈ ಅಸೈಕ್ಲೋವಿರ್. ಕೆಲಸ ಮಾಡಬೇಕಾದರೆ ಅದಕ್ಕೆ ಫಾಸ್ಫೇಟ್ ಎಂಬ ಚಿಕ್ಕ ರಾಸಾಯನಿಕ ಗುಂಪು ಮೂರು ಅಂಟಬೇಕು. ಮೊದಲನೆಯದನ್ನು ಅಂಟಿಸುವುದು ವೈರಸ್ಸಿನದೇ ಥೈಮಿಡಿನ್ ಕೈನೇಸ್ ಎಂಬ ಕಿಣ್ವ, ಉಳಿದೆರಡನ್ನು ನಮ್ಮ ಕಿಣ್ವಗಳು. ಹಾಗಾಗಿ ಸೋಂಕಿಲ್ಲದ ಕೋಶದಲ್ಲಿ ಔಷಧ ಬಹುಮಟ್ಟಿಗೆ ಸುಮ್ನೆ ಇರುತ್ತದೆ. ಕಳ್ಳನ ಕೈಯಲ್ಲೇ ಬೀಗ ಹಾಕಿಸಿದ ಹಾಗೆ, ಅಲ್ವಾ? ವೈರಸ್ ಈ ತುಣುಕನ್ನು ತನ್ನ ಸರಪಳಿಗೆ ಸೇರಿಸಿಕೊಂಡರೆ ಮುಂದಿನದನ್ನು ಜೋಡಿಸಲು ಕೊಂಡಿಯೇ ಇರುವುದಿಲ್ಲ, ನಕಲು ಅಲ್ಲಿಗೇ ನಿಲ್ಲುತ್ತದೆ. ಇಂಥ ಔಷಧಗಳ ದಾರಿ ತೋರಿಸಿದ ವಿಜ್ಞಾನಿ ಗರ್ಟ್ರೂಡ್ ಎಲಿಯನ್ 1988ರ ನೊಬೆಲ್ ಹಂಚಿಕೊಂಡರು.

ದೊಡ್ಡವರಿಗೆ ಸಾಮಾನ್ಯವಾಗಿ 800 ಮಿಲಿಗ್ರಾಂ, ದಿನಕ್ಕೆ 5 ಸಲ, ಕನಿಷ್ಠ 7 ದಿನ. ಕಿರಿಕಿರಿಯೇ, ಆದರೆ ರಕ್ತದಲ್ಲಿ ಇದರ ಮಟ್ಟ ಬೇಗ ಇಳಿಯುತ್ತದೆ, ಅದಕ್ಕೇ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ. ನೀರು ಜಾಸ್ತಿ ಕುಡಿಯಿರಿ, ಇಲ್ಲದಿದ್ದರೆ ಕಿಡ್ನಿಯಲ್ಲಿ ಹರಳು ಕಟ್ಟಬಹುದು. ಚಳಿಗೆ ಬಾಯಾರುವುದಿಲ್ಲ ಅಂತ ಬಿಡಬೇಡಿ. ಕಿಡ್ನಿ ತೊಂದರೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಡೋಸ್ ಕಡಿಮೆ ಮಾಡುತ್ತಾರೆ. ಕಣ್ಣಿನ ಹತ್ತಿರ ಗುಳ್ಳೆ ಬಂದರೆ ಅವತ್ತೇ ಹೋಗಿ.

ನರದೊಳಗೆ ಮಲಗಿರುವ ವೈರಸ್ಸನ್ನು ಈ ಮಾತ್ರೆ ತೆಗೆಯುವುದಿಲ್ಲ. ಉಳಿದ ಮಾತ್ರೆಯನ್ನು ನೆಗಡಿಗೆ ನುಂಗಬೇಡಿ, ನೆಗಡಿಯ ವೈರಸ್ಸಿನಲ್ಲಿ ಆ ಕಿಣ್ವವೇ ಇಲ್ಲ.