ಅಗ್ಗದ ಸರ್ವೈವಲ್ ಕತ್ತಿಯನ್ನು ನಮ್ಮ ಮಳೆಗೆ ಒಗ್ಗಿಸಿದ್ದು

ಆನ್‌ಲೈನಿನಲ್ಲಿ ನಾನೂರು, ಐನೂರು ರೂಪಾಯಿಗೆ ಟೊಳ್ಳು ಹಿಡಿಯ ಸರ್ವೈವಲ್ ಕತ್ತಿ ಸಿಗುತ್ತದಲ್ಲ, ಇದು ಅದರ ಕತೆ. ಹಿಡಿಯ ತುದಿಗೆ ತಿರುಪಿನ ಮುಚ್ಚಳ, ಮುಚ್ಚಳದಲ್ಲಿ ದಿಕ್ಸೂಚಿ, ಅಲಗಿನ ಬೆನ್ನಿಗೆ ಗರಗಸದ ಹಲ್ಲು. ಹಿಡಿಯೊಳಗೆ ನಾಲ್ಕು ಬೆಂಕಿಕಡ್ಡಿ, ಗಾಳ, ದಾರ, ಸೂಜಿ. ನೋಡಲು ಭಾರೀ ಜೋರು. ಬಂದ ಹಾಗೇ ಸೊಂಟಕ್ಕೆ ಕಟ್ಟಿಕೊಂಡರೆ ಮಾತ್ರ ನಂಬುವ ಹಾಗಿಲ್ಲ. ಬಿಡುವಿನ ಸಂಜೆಗಳಲ್ಲಿ ಕೂತು ಕೈಯಾಡಿಸಿದರೆ ಅದೇ ಕತ್ತಿ ವರ್ಷಗಟ್ಟಲೆ ಕೆಲಸಕ್ಕೆ ಬರುತ್ತದೆ. ನಾನು ಮಾಡಿದ್ದನ್ನು ಮಾಡಿದ ಹಾಗೇ ಹೇಳುತ್ತೇನೆ.

ನಮ್ಮದು ಕಾಸರಗೋಡಿನ ಮುಳ್ಳೇರಿಯ ಕಡೆ. ಕೆಳಗೆ ಅಡಿಕೆ ತೋಟ, ಮೇಲೆ ಗುಡ್ಡ, ಗುಡ್ಡದ ಹೊಟ್ಟೆಯಲ್ಲಿ ನೀರಿಗಾಗಿ ಅಡ್ಡಕ್ಕೆ ತೋಡಿದ ಸುರಂಗ. ಸುರಂಗದ ನೀರು ಪೈಪಿನಲ್ಲಿ ತಾನಾಗಿ ಮನೆಗೆ ಇಳಿಯುತ್ತದೆ. ಪೈಪಿಗೆ ಕಸ ಕಟ್ಟಿತು, ಮರ ಬಿದ್ದು ದಾರಿ ಮುಚ್ಚಿತು ಎಂದರೆ ಮಳೆಯಲ್ಲೇ ಹತ್ತಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ಇದು. ಗುಡ್ಡದ ಆಚೆ ಬದಿಗೆ ದಾಟಿದರೆ ಫೋನಿಗೆ ರೇಂಜ್ ಇಲ್ಲ. ಕಾಲು ಉಳುಕಿದರೂ ಸಾಕು, ಕತ್ತಲಾಗುವವರೆಗೆ ಅಲ್ಲೇ ಕೂರಬೇಕಾಗಬಹುದು. ಕಾರ್ಖಾನೆಯವರು ಹಿಡಿಯೊಳಗೆ ತುಂಬಿ ಕೊಟ್ಟದ್ದು ಬೇರೆ ಯಾರದೋ ಕಾಡಿಗೆ. ನಮಗೆ ಬೇಕಾದ್ದು ಒದ್ದೆಯಲ್ಲಿ ನಿಲ್ಲುವ ಸಾಮಾನು.

ಮೊದಲು ನೋಡಬೇಕಾದ್ದು ಅಲಗು ಮತ್ತು ಹಿಡಿ ಕೂಡುವ ಜಾಗ. ಒಳ್ಳೆಯ ಕತ್ತಿಯಲ್ಲಿ ಅಲಗಿನ ಕಬ್ಬಿಣವೇ ಮುಂದುವರಿದು ಹಿಡಿಯ ಕೊನೆಯವರೆಗೆ ಹೋಗಿರುತ್ತದೆ. ಟೊಳ್ಳು ಹಿಡಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಮುಚ್ಚಳ ಬಿಚ್ಚಿ, ಸಾಮಾನೆಲ್ಲ ಹೊರಗೆ ಸುರಿದು, ಟಾರ್ಚ್ ಬಿಟ್ಟು ಒಳಗೆ ನೋಡಿದೆ. ಅಡಿಯಲ್ಲಿ ಒಂದು ನಟ್, ಅದರ ನಡುವಿನಿಂದ ಬೆರಳ ತುದಿಯಷ್ಟು ಇಣುಕುವ ಬೋಲ್ಟ್. ಇಡೀ ಕತ್ತಿ ನಿಂತಿರುವುದು ಅದೊಂದರ ಮೇಲೆ. ಅಲಗನ್ನು ಬಟ್ಟೆಯಲ್ಲಿ ಹಿಡಿದು ಅಲ್ಲಾಡಿಸಿದಾಗ ಟಕ್ ಟಕ್ ಎಂದು ಸಣ್ಣ ಸದ್ದು ಬರುತ್ತಿತ್ತು. ಆ ಸದ್ದು ಇದ್ದರೆ ನಾಳೆಯೋ ನಾಡಿದ್ದೋ ಅಲಗು ಕಳಚಿ ಬರುವುದು ಖಂಡಿತ.

ಉದ್ದನೆಯ ಬಾಕ್ಸ್ ಸ್ಪ್ಯಾನರ್ ಹಾಕಿ ನಟ್ ಬಿಚ್ಚಿದೆ. ಅಲಗು, ಅಡ್ಡಪಟ್ಟಿ, ಕೊಳವೆ ಮೂರೂ ಬೇರೆಯಾದವು. ಒಳಗಿನ ಎಣ್ಣೆ ಜಿಡ್ಡನ್ನು ಥಿನ್ನರಿನಲ್ಲಿ ತೊಳೆದು, ಕೂಡುವ ಕಡೆಯೆಲ್ಲ ಒರಟು ಪಾಲಿಷ್ ಕಾಗದದಿಂದ ಉಜ್ಜಿದೆ. ನುಣುಪಾದ ಲೋಹಕ್ಕೆ ಅಂಟು ಹಿಡಿಯುವುದಿಲ್ಲ. ಅರಾಲ್ಡೈಟಿನ ಎರಡು ಟ್ಯೂಬಿನಿಂದ ಸಮಸಮ ತೆಗೆದು ಕಲಸಿ, ಕೂಡುವ ಜಾಗಕ್ಕೆ ಸವರಿ, ನಟ್ ಕೆಳಗೆ ಸ್ಪ್ರಿಂಗ್ ವಾಷರ್ ಹಾಕಿ ಗಟ್ಟಿಯಾಗಿ ಬಿಗಿದೆ. ಆಮೇಲೆ ಕತ್ತಿಯ ಮೊನೆ ಕೆಳಗೆ ಮಾಡಿ ನಿಲ್ಲಿಸಿ, ಅರದಿಂದ ಉಜ್ಜುವಾಗ ಉದುರುವ ಕಬ್ಬಿಣದ ಪುಡಿ ಬೆರೆಸಿದ ಅರಾಲ್ಡೈಟನ್ನು ಕೊಳವೆಯೊಳಗೆ ನಟ್ ಪೂರ್ತಿ ಮುಳುಗುವಷ್ಟು ಸುರಿದೆ. ಒಂದು ದಿನ ಮುಟ್ಟಬಾರದು. ಬೇಗ ಗಟ್ಟಿಯಾಗುವ ಐದು ನಿಮಿಷದ ಅಂಟಿಗಿಂತ ನಿಧಾನದ್ದೇ ಹೆಚ್ಚು ಬಲ. ಹಿಡಿಯ ಟೊಳ್ಳು ಸ್ವಲ್ಪ ಕಡಿಮೆಯಾಯಿತು, ಅದರಿಂದ ನಷ್ಟವೇನಿಲ್ಲ. ಸದ್ದು ನಿಂತಿತು.

ಇಷ್ಟು ಮಾಡಿದ ಮೇಲೂ ಇದರ ಬೆನ್ನಿಗೆ ಬಡಿದು ಸೌದೆ ಸೀಳಬಾರದು. ಅದಕ್ಕೆ ಕೊಡಲಿ ಇದೆ, ಊರಿನ ಕುಲುಮೆಯಲ್ಲಿ ಮಾಡಿದ ಕತ್ತಿ ಇದೆ. ಕೊಂಬೆ ಕಡಿಯುವುದರಲ್ಲಿ ಅವುಗಳ ಮುಂದೆ ಯಾವ ಸರ್ವೈವಲ್ ಕತ್ತಿಯೂ ನಿಲ್ಲುವುದಿಲ್ಲ. ಇದು ಹಗ್ಗ ಕೊಯ್ಯಲು, ಪೈಪು ಸವರಲು, ಸೀಕು ಕೆತ್ತಲು, ಕಿಡಿ ಹಾರಿಸಲು.

ಕಿಡಿಯ ವಿಷಯಕ್ಕೆ ಬಂದರೆ ಬೆನ್ನಿನ ಹಲ್ಲು ತೆಗೆಯಲೇಬೇಕು. ಆ ಹಲ್ಲಿನಿಂದ ಹಸಿ ಮರ ಕೊಯ್ಯುವುದಿಲ್ಲ, ಒಣ ಮರವೂ ಕೊಯ್ಯುವುದಿಲ್ಲ. ಒತ್ತಿ ಹಿಡಿದರೆ ಹೆಬ್ಬೆರಳು ಮಾತ್ರ ಕೊಯ್ಯುತ್ತದೆ. ನಮ್ಮ ಆಚಾರಿಗೆ ತೋರಿಸಿದೆ. ಉಗುರಿನಲ್ಲಿ ತಟ್ಟಿ, ಅರದ ಮೂಲೆಯಿಂದ ಒಮ್ಮೆ ಕೆರೆದು ನೋಡಿ, "ಇದು ಮೆತ್ತಗೆ ಉಂಟು ಅಣ್ಣಾ, ಮಿಷನ್ ಬೇಡ, ಕೈಯಲ್ಲೇ ಆಗ್ತದೆ" ಎಂದರು. ಆ ಮಾತು ಸರಿ. ಗ್ರೈಂಡರ್ ಹಿಡಿದರೆ ಅಲಗು ಕ್ಷಣದಲ್ಲಿ ಕಾಯುತ್ತದೆ. ನೀಲಿ ಬಣ್ಣ ಬಂತೆಂದರೆ ಆ ಜಾಗದ ಹದ ಹೋಯಿತು.

ಅಲಗಿನ ಬಾಯಿಗೆ ದಪ್ಪ ಟೇಪ್ ಸುತ್ತಿ, ಎರಡು ಅಡಿಕೆ ಸಲಾಕೆಯ ನಡುವೆ ಇಟ್ಟು ವೈಸಿನಲ್ಲಿ ಕಚ್ಚಿಸಿದೆ. ಅರವನ್ನು ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಬೇಕು, ಹಿಂದಕ್ಕೆ ತರುವಾಗ ಎತ್ತಬೇಕು. ಹಿಂದಕ್ಕೂ ಉಜ್ಜಿದರೆ ಅರದ ಹಲ್ಲು ಸಾಯುತ್ತದೆ. ಹಲ್ಲುಗಳು ಒಂದೊಂದೇ ಗಿಡ್ಡವಾಗುತ್ತಾ ಬಂದವು. ಕೊನೆಗೆ ಅರವನ್ನು ಅಡ್ಡ ಹಿಡಿದು ಎರಡೂ ಕೈಯಿಂದ ಬೆನ್ನಿನ ಉದ್ದಕ್ಕೆ ಎಳೆದೆ. ಬೆನ್ನು ಚಪ್ಪಟೆಯಾಗಿ ಅಂಚು ನೇರ ಮೂಲೆಗೆ ಬಂತು. ಮೂಲೆ ಸರಿಯಾಗಿದೆಯಾ ಎಂದು ತಿಳಿಯಲು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆಯಬೇಕು. ಜಾರಿದರೆ ಇನ್ನೂ ಗುಂಡಗಿದೆ, ಬಿಳಿ ಪುಡಿ ಎದ್ದರೆ ಸಾಕು.

ಈ ಮೂಲೆ ಬೇಕಾದ್ದು ಫೆರೋ ರಾಡಿಗೆ. ಕಬ್ಬಿಣ ಮತ್ತು ಸೀರಿಯಂ ಸೇರಿದ ಕಡ್ಡಿ ಅದು. ಆಸ್ಟ್ರಿಯಾದ ವಿಜ್ಞಾನಿ ಆವರ್ ಫಾನ್ ವೆಲ್ಸ್‌ಬಾಖ್ 1903ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಬೀಡಿ ಲೈಟರಿನ ಕಲ್ಲು ಕೂಡ ಇದೇ. ಕೆರೆದಾಗ ಉದುರುವ ಚೂರು ಗಾಳಿಗೆ ತಾನಾಗಿ ಹೊತ್ತಿಕೊಂಡು ಸುಮಾರು 3000 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುತ್ತದೆ. ನೀರಿಗೆ ಬಿದ್ದರೂ ಒರೆಸಿದರೆ ಆಯಿತು. ಒಂದೇ ಉಪಾಯ ನೆನಪಿಡಿ: ಕತ್ತಿ ಅಲ್ಲಾಡಬಾರದು, ಅದರ ಬೆನ್ನನ್ನು ಹತ್ತಿಯ ಮೇಲೆ ನಿಲ್ಲಿಸಿ ಕಡ್ಡಿಯನ್ನು ಹಿಂದಕ್ಕೆ ಎಳೆಯಬೇಕು. ಕತ್ತಿಯನ್ನು ಮುಂದೆ ತಳ್ಳಿದರೆ ಕೈ ತಾಗಿ ಹತ್ತಿ ಚೆಲ್ಲಿಹೋಗುತ್ತದೆ. ನಮ್ಮ ಉಪ್ಪುಗಾಳಿಗೆ ಈ ಕಡ್ಡಿ ಬಿಳಿ ಪುಡಿಯಾಗಿ ಸವೆಯುವುದುಂಟು. ಉಗುರಿನ ಬಣ್ಣ ಒಂದು ಕೋಟ್ ಹಚ್ಚಿಟ್ಟರೆ ತಡೆಯುತ್ತದೆ.

ಬೆಂಕಿಗೆ ಬೇಕಾದ ಹತ್ತಿಯನ್ನು ವ್ಯಾಸಲೀನಿನಲ್ಲಿ ಚೆನ್ನಾಗಿ ಹಿಸುಕಿ, ಸ್ಟ್ರಾ ತುಂಡಿನೊಳಗೆ ತುರುಕಿ, ಎರಡೂ ತುದಿ ಬೆಂಕಿಗೆ ಹಿಡಿದು ಮುಚ್ಚಿದೆ. ಇವು ಹಿಡಿಯೊಳಗೆ ಸಲೀಸಾಗಿ ಕೂರುತ್ತವೆ. ಒಂದು ತುಂಡು ಸಿಗಿದು ಬಿಡಿಸಿದರೆ ಕೆಲವು ನಿಮಿಷ ಉರಿಯುತ್ತದೆ. ಅದರ ಮೇಲೆ ಸೈಕಲ್ ಟ್ಯೂಬಿನ ಚೂರು ಇಟ್ಟರೆ ಒದ್ದೆ ಸೀಕೂ ಹಿಡಿಯುತ್ತದೆ. ಹಳಬರು ಬೈನೆ ಮರದ ಎಲೆಬುಡದ ತುಪ್ಪುಳವನ್ನು ಇದೇ ಕೆಲಸಕ್ಕೆ ಬಳಸುತ್ತಿದ್ದರು. ಒಣಗಿದ್ದರೆ ಅದು ಕಿಡಿಗೆ ಥಟ್ಟನೆ ಹತ್ತುತ್ತದೆ. ಬೇಸಗೆಯಲ್ಲೇ ಕೆರೆದು ಡಬ್ಬಿಗೆ ಹಾಕಿಡಬೇಕು, ಆಟಿ ತಿಂಗಳ ಮಳೆಯಲ್ಲಿ ಹುಡುಕಿದರೆ ಒದ್ದೆ ಮುದ್ದೆ.

ಮಸೆಯುವುದು ಬಹಳ ಜನರಿಗೆ ಬೇಜಾರಿನ ಕೆಲಸ. ನನಗೆ ಇದೇ ಹೆಚ್ಚು ಇಷ್ಟ. ಹೊಸ ಕತ್ತಿಯ ಬಾಯಿ ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರುತ್ತದೆ. ಬಾಯಿಯ ಉದ್ದಕ್ಕೆ ಮಾರ್ಕರ್ ಪೆನ್ನಿನ ಕಪ್ಪು ಹಚ್ಚಿ ಕಲ್ಲಿಗೆ ಎರಡು ಸಲ ಎಳೆದು ನೋಡಿ. ಕಪ್ಪು ಎಲ್ಲಿ ಉಳಿಯಿತೋ ಅಲ್ಲಿ ಕಲ್ಲು ತಾಗುತ್ತಿಲ್ಲ ಎಂದರ್ಥ. ಕೋನ ಇಪ್ಪತ್ತು ಡಿಗ್ರಿ ಆಸುಪಾಸು ಇರಲಿ. ಅಳೆಯುವುದು ಸುಲಭ: ಅಲಗು ಮೂರು ಸೆಂಟಿಮೀಟರ್ ಅಗಲವಿದ್ದರೆ ಬೆನ್ನನ್ನು ಕಲ್ಲಿನಿಂದ ಒಂದು ಸೆಂಟಿಮೀಟರ್ ಎತ್ತಿ ಹಿಡಿಯುವುದು, ಅಷ್ಟೇ. ಹಾರ್ಡ್‌ವೇರ್ ಅಂಗಡಿಯ ಎರಡು ಮುಖದ ಕಾರ್ಬೊರಂಡಂ ಕಲ್ಲು ಸಾಕು. ಕೊನೆಗೆ ಹಳೆ ಚರ್ಮದ ಬೆಲ್ಟಿಗೆ ಬ್ರಾಸೊ ಹಚ್ಚಿ, ಬೆನ್ನು ಮುಂದೆ ಮಾಡಿ ಎಳೆದೆ. ಅಗ್ಗದ ಉಕ್ಕು ಬೇಗ ಮೊಂಡಾಗುತ್ತದೆ ನಿಜ, ಅಷ್ಟೇ ಬೇಗ ಹರಿತವೂ ಆಗುತ್ತದೆ. ಆದ್ದರಿಂದ ಕಲ್ಲಿನ ಒಂದು ಸಣ್ಣ ತುಂಡು ಒರೆಯ ಜೊತೆಗೇ ಇರಬೇಕು.

ಹಿಡಿಯ ಅಲ್ಯೂಮಿನಿಯಂ ಕೊಳವೆ ಒದ್ದೆ ಕೈಗೆ ಜಾರುತ್ತದೆ. ಮೊದಲು ಸೈಕಲ್ ಟ್ಯೂಬನ್ನು ಕೊಳವೆಗೆ ಏರಿಸಿದೆ. ಅದರ ಮೇಲೆ ಹುರಿ ಸುತ್ತಿದೆ. ಪ್ಯಾರಾಕಾರ್ಡ್ ಹಾಕಬಹುದು. ಅಸಲಿಯಾದರೆ ಒಳಗೆ ಏಳು ಎಳೆ ಇರುತ್ತದೆ, ಸುಮಾರು 250 ಕಿಲೋ ಎಳೆತ ತಡೆಯುತ್ತದೆ. ನಾನು ಹಾಕಿದ್ದು ಕುಂಬಳೆ ಕಡೆ ಮೀನುಗಾರರು ಬಲೆಗೆ ಬಳಸುವ ನೈಲಾನ್ ಹುರಿ. ತೆಳು, ಹೆಚ್ಚು ನೀರು ಹೀರುವುದಿಲ್ಲ, ಗಂಟು ಕಚ್ಚಿ ಕೂರುತ್ತದೆ. ಸುತ್ತುವ ಮೊದಲು ಹುರಿಯನ್ನು ಮಡಚಿ ಹಿಡಿಯ ಉದ್ದಕ್ಕೆ ಒಂದು ಕುಣಿಕೆ ಇಟ್ಟೆ. ಅದರ ಮೇಲೆ ಒತ್ತೊತ್ತಾಗಿ ಸುತ್ತಿ, ಕೊನೆಯನ್ನು ಕುಣಿಕೆಯೊಳಗೆ ತೂರಿಸಿ, ಆಚೆ ತುದಿ ಹಿಡಿದು ಎಳೆದೆ. ಕೊನೆ ಸುತ್ತಿನ ಅಡಿಗೆ ಹೋಗಿ ಅವಿತಿತು. ಗಂಟೇ ಕಾಣುವುದಿಲ್ಲ, ಕೈಗೆ ಚುಚ್ಚುವುದೂ ಇಲ್ಲ.

ಜೊತೆಗೆ ಬಂದ ಬಟ್ಟೆಯ ಒರೆಯನ್ನು ಎಸೆದೆ. ನೀರು ಕುಡಿದು ವಾರ ಒದ್ದೆ ಇರುತ್ತದೆ, ಸ್ಟೇನ್‌ಲೆಸ್ ಕೂಡ ತುಕ್ಕು ಹಿಡಿಯುತ್ತದೆ. ತೋಟದವರ ಮನೆಯಲ್ಲಿ ಪಿವಿಸಿ ಪೈಪಿಗೆ ಬರವೇ? 32 ಮಿಲಿಮೀಟರಿನ ಪೈಪನ್ನು ಅಲಗಿಗಿಂತ ಸ್ವಲ್ಪ ಉದ್ದಕ್ಕೆ ಕೊಯ್ದು, ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಮೆತ್ತಗಾಗುತ್ತದೆ. ಬೆಂಕಿಗೆ ನೇರ ಹಿಡಿಯಬೇಡಿ, ಪಿವಿಸಿ ಸುಟ್ಟ ಹೊಗೆ ಎದೆಗೆ ಕೆಟ್ಟದ್ದು. ಅಲಗಿಗೆ ಟೇಪ್ ಹಚ್ಚಿ ಎರಡು ಸುತ್ತು ಪೇಪರ್ ಸುತ್ತಿಟ್ಟಿದ್ದೆ. ಮೆತ್ತಗಾದ ಪೈಪಿನೊಳಗೆ ಅದನ್ನು ತೂರಿಸಿ, ಎರಡು ಹಲಗೆಯ ನಡುವೆ ಒತ್ತಿ, ಮೇಲೆ ನಿಂತೆ. ಆರಿದ ಮೇಲೆ ಅಲಗಿನ ಆಕಾರಕ್ಕೇ ಗಟ್ಟಿಯಾಯಿತು. ಅಂಚಿಗೆ ಎರಡು ಸಣ್ಣ ಬೋಲ್ಟ್ ಹಾಕಿದೆ. ಕೆಳತುದಿ ತೆರೆದೇ ಇದೆ, ನೀರು ಇಳಿದುಹೋಗಲಿ ಎಂದು. ತಲೆಕೆಳಗು ಹಿಡಿದು ಕೊಡವಿದರೂ ಕತ್ತಿ ಬೀಳಬಾರದು. ಸಡಿಲವಿದ್ದರೆ ಬಾಯಿ ಹತ್ತಿರ ಮತ್ತೊಮ್ಮೆ ಬಿಸಿನೀರು ತೋರಿಸಿ ಒತ್ತಿ. ಒರೆಯ ಹೊರಗೆ ಟ್ಯೂಬಿನ ಬಳೆ ಏರಿಸಿದರೆ ಫೆರೋ ರಾಡ್, ಕಲ್ಲು ಎರಡೂ ಅದರಡಿ ಭದ್ರ. ಬಳೆಯನ್ನೇ ಕೊಯ್ದು ಉರಿಸಲೂಬಹುದು.

ಮುಚ್ಚಳದ ದಿಕ್ಸೂಚಿಯನ್ನು ಅಲಗಿನ ಹತ್ತಿರ ನೋಡಲೇಬೇಡಿ, ಉಕ್ಕು ಮುಳ್ಳನ್ನು ಎಳೆಯುತ್ತದೆ. ಮುಚ್ಚಳ ಬಿಚ್ಚಿ ಕೈಯಲ್ಲಿ ಸಮತಟ್ಟಾಗಿ ಹಿಡಿಯಬೇಕು. ಧ್ರುವ ನಕ್ಷತ್ರವನ್ನು ನೆಚ್ಚುವ ಹಾಗಿಲ್ಲ. ನಮ್ಮ ಅಕ್ಷಾಂಶ ಹನ್ನೆರಡೂವರೆ ಡಿಗ್ರಿ, ಅದು ದಿಗಂತದಿಂದ ಅಷ್ಟೇ ಎತ್ತರದಲ್ಲಿರುತ್ತದೆ, ಗುಡ್ಡದ ಮರೆಗೆ ಬೀಳುತ್ತದೆ. ನಮ್ಮ ಪಯಸ್ವಿನಿಯ ಹಾಗೆ ಇಲ್ಲಿನ ಹೊಳೆಗಳೆಲ್ಲ ಕೊನೆಗೆ ಪಡುವಣಕ್ಕೆ, ಕಡಲಿಗೆ. ತೊರೆಯ ಬದಿ ಹಿಡಿದು ಇಳಿದರೆ ಯಾರದಾದರೂ ತೋಟ ಸಿಕ್ಕೇ ಸಿಗುತ್ತದೆ. ತೊರೆ ಉಕ್ಕಿದ್ದರೆ ಮಾತ್ರ ದೂರವೇ ಇರಿ.

ಇನ್ನು ಕಿಟ್. ಹಿಡಿಯೊಳಗೆ ಬೆಂಕಿಯ ಹತ್ತಿ, ಸೂಜಿ, ದಾರ ಇಷ್ಟೇ. ಗಾಳವನ್ನು ತೆಗೆದುಹಾಕಿದೆ. ಒಂದು ರಾತ್ರಿ ಕಾಯುವವನಿಗೆ ಮೀನು ಬೇಡ, ಒಣ ಮೈ ಬೇಕು. ಉಳಿದದ್ದು ಸೊಂಟದ ಚೀಲದಲ್ಲಿ, ಜಿಪ್ ಕವರಿನೊಳಗೆ: ನಾಲ್ಕು ಇಂಚಿನ ಕ್ರೇಪ್ ಬ್ಯಾಂಡೇಜ್, ಬೀಟಾಡಿನ್, ನೀರು ತಡೆಯುವ ಪ್ಲಾಸ್ಟರ್, ಒಂದು ಲೀಟರಿನ ಓಆರ್‌ಎಸ್ ಪೊಟ್ಟಣ, ಸೀಟಿ, ಸಣ್ಣ ಟಾರ್ಚ್, ಉಂಬಳಕ್ಕೆ (ಜಿಗಣೆಗೆ) ಉಪ್ಪಿನ ಪುಡಿ. ರಕ್ತದ ಗುಂಪು, ಮನೆಯ ನಂಬರ್ ಬರೆದ ಚೀಟಿಗೆ ಟೇಪ್ ಅಂಟಿಸಿದ್ದೇನೆ. ಗೊಬ್ಬರ ಚೀಲದ ಒಳಗಿನ ಪ್ಲಾಸ್ಟಿಕನ್ನು ತೊಳೆದು ಮಡಚಿಟ್ಟಿದ್ದೇನೆ. ತಲೆಗೆ ಹಾಕಿಕೊಂಡರೆ ಗೊರಬು, ನೆಲಕ್ಕೆ ಹಾಸಿದರೆ ಚಾಪೆ. ಸೀಟಿಯನ್ನು ಮೂರು ಮೂರು ಸಲ ಊದುವುದು ಎಂದು ಮನೆಯವರಿಗೂ ಹೇಳಿಟ್ಟಿದ್ದೇನೆ. ಮಳೆಯ ಸದ್ದಿನಲ್ಲಿ ಕೂಗು ಕೇಳುವುದಿಲ್ಲ, ಸೀಟಿ ಕೇಳುತ್ತದೆ.

ಬೀಟಾಡಿನ್, ಪ್ಲಾಸ್ಟರಿಗೆ ನಾನು ಯಾಕೆ ಇಷ್ಟು ಒತ್ತು ಕೊಡುತ್ತೇನೆಂದರೆ, ನಮ್ಮಲ್ಲಿ ಇಲಿ ಜ್ವರದ ಭಯವಿದೆ. ಗಾಯದ ಕಾಲಿಗೆ ಕೊಳೆ ನೀರು ತಾಗಿದರೆ ಬರುವ ಜ್ವರ. ಮಳೆಗಾಲದಲ್ಲಿ ಕೆಸರಿನಲ್ಲಿ ಕೆಲಸ ಮಾಡುವವರಿಗೆ ಆರೋಗ್ಯ ಕೇಂದ್ರದಲ್ಲಿ ಡಾಕ್ಸಿಸೈಕ್ಲಿನ್ ಕೊಡುತ್ತಾರೆ, ಕೇಳಿ ತೆಗೆದುಕೊಳ್ಳಿ.

ಹಾವು ಕಚ್ಚಿದರೆ ಈ ಕತ್ತಿಗೆ ಕೆಲಸವಿಲ್ಲ. ಕೊಯ್ಯಬಾರದು, ಹೀರಬಾರದು, ಹುರಿ ಬಿಗಿಯಬಾರದು. ಕೈಕಾಲು ಅಲ್ಲಾಡದ ಹಾಗೆ ಕೋಲು ಇಟ್ಟು ಬ್ಯಾಂಡೇಜ್ ಸಡಿಲವಾಗಿ ಸುತ್ತಿ ಆಸ್ಪತ್ರೆಗೆ ಹೊರಡಿ. 108, 112 ಎರಡೂ ಚೀಟಿಯಲ್ಲಿರಲಿ. ನಮ್ಮಲ್ಲಿ ಸಿಗುವ ವಿಷದ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ತೋಟದ ತರಗೆಲೆಯಲ್ಲಿ ಮಲಗುವ, ಮೂತಿ ಮೇಲೆದ್ದ ಸಣ್ಣ ಮಂಡಲಕ್ಕೆ ಅದು ನಾಟುವುದಿಲ್ಲ. ಹಾಗಾಗಿ ಯಾವ ಹಾವು ಎಂದು ವೈದ್ಯರಿಗೆ ಹೇಳಲು ದೂರದಿಂದ ಫೋಟೋ ತೆಗೆದರೆ ಒಳ್ಳೆಯದು. ಹಿಡಿಯಲು, ಕೊಲ್ಲಲು ಹೋಗಬೇಡಿ.

ಕಾನೂನಿನ ಮಾತೂ ಹೇಳಬೇಕು. ಆಯುಧ ನಿಯಮದ ಪ್ರಕಾರ ಮನೆ, ಕೃಷಿ ಬಳಕೆಯದ್ದಲ್ಲದ ಕತ್ತಿಯ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧದ ಲೆಕ್ಕಕ್ಕೆ ಬರುತ್ತದೆ. ನನ್ನದು ಆರು ಇಂಚಿನದ್ದು. ಆದರೂ ಪೇಟೆಗೆ, ಬಸ್ಸಿಗೆ, ಉತ್ಸವಕ್ಕೆ ಕಟ್ಟಿಕೊಂಡು ಹೋಗುವ ವಸ್ತು ಇದಲ್ಲ. ವನ್ಯಧಾಮದೊಳಗೆ ಲಿಖಿತ ಒಪ್ಪಿಗೆ ಇಲ್ಲದೆ ಆಯುಧ ಒಯ್ಯುವುದು ಅಪರಾಧ. ರಾಣಿಪುರದ ಗುಡ್ಡ ಹತ್ತುವವರು ಗಮನಿಸಿ, ಆಚೆ ಬದಿಗೇ ತಲಕಾವೇರಿ ವನ್ಯಧಾಮ. ಅಲ್ಲಿಗೆ ಹೋಗುವಾಗ ಕಿಟ್ ಮಾತ್ರ ಒಯ್ಯುತ್ತೇನೆ, ಕತ್ತಿ ಮನೆಯಲ್ಲಿ. ಬೆಂಕಿ ಹಾಕಿ ಅಭ್ಯಾಸ ಮಾಡುವುದೂ ನಮ್ಮ ಅಂಗಳದಲ್ಲೇ.

ಪತ್ತನಾಜೆ ಹೊತ್ತಿಗೆ, ಅಂದರೆ ಮೇ ಕೊನೆಗೆ, ಎಲ್ಲವನ್ನೂ ಒಮ್ಮೆ ಜಗಲಿಯಲ್ಲಿ ಬಿಚ್ಚಿ ಹರಡುತ್ತೇನೆ. ಓಆರ್‌ಎಸ್, ಬೀಟಾಡಿನಿನ ತಾರೀಕು ನೋಡುತ್ತೇನೆ. ಮುಚ್ಚಳದ ರಬ್ಬರ್ ಬಳೆ ಒಡೆದಿದ್ದರೆ ಪ್ಲಂಬಿಂಗ್ ಅಂಗಡಿಯಿಂದ ಹೊಸದು ತಂದು, ವ್ಯಾಸಲೀನ್ ಹಚ್ಚಿ ಕೂರಿಸುತ್ತೇನೆ. ಅಲಗಿಗೆ ತೆಂಗಿನೆಣ್ಣೆ ಸವರುತ್ತೇನೆ. ಆಮೇಲೆ ಹಿಡಿಯೊಳಗೆ ಒಂದು ಒಣ ಕಾಗದದ ಚೂರು ಹಾಕಿ, ಮುಚ್ಚಿ, ರಾತ್ರಿಯಿಡೀ ಬಕೆಟ್ ನೀರಿನಲ್ಲಿ ಮುಳುಗಿಸಿಡುತ್ತೇನೆ. ಬೆಳಿಗ್ಗೆ ಕಾಗದ ಒಣಗಿಯೇ ಇದ್ದರೆ ಹತ್ತಿಯ ಸ್ಟ್ರಾಗಳನ್ನು ವಾಪಸು ತುಂಬುತ್ತೇನೆ.