ಒಬಸಾಂಜೊ ಬದುಕನ್ನ ಓದೋದು ಹೇಗೆ: ಯೂನಿಫಾರ್ಮು, ಕುರ್ಚಿ, ಕೋಳಿ ಫಾರಂ

ಆಫ್ರಿಕಾ ರಾಜಕೀಯ ಓದೋಕೆ ಕೂತವರಿಗೆ ಒಂದು ಥರದ ಮನುಷ್ಯ ಪದೇ ಪದೇ ಎದುರಾಗ್ತಾನೆ, ಮೊದಲು ಮಿಲಿಟರಿ ಆಮೇಲೆ ಅಧಿಕಾರ ಆಮೇಲೆ ಬಿಸಿನೆಸ್ಸು. ಯಾರಿಂದ ಶುರು ಮಾಡೋದು ಅಂತ ಕೇಳಿದ್ರೆ ನಾನು ನೈಜೀರಿಯಾದ ಒಲುಸೆಗುನ್ ಒಬಸಾಂಜೊ ಅಂತೀನಿ. ಸೇನೆಯವನಾಗಿ ಒಂದ್ಸಲ, ಓಟು ಗೆದ್ದು ಇನ್ನೊಂದ್ಸಲ ದೇಶ ಆಳಿದ್ದಾರೆ, ಮಧ್ಯದಲ್ಲಿ ಜೈಲು ಬೇರೆ.

ಒಂದು ನೋಟ್‌ಬುಕ್ ತಗೊಂಡು ಎಡಗಡೆ ವರ್ಷ ಬರ್ಕೊಳ್ಳಿ, ಪಕ್ಕದಲ್ಲಿ ಮೂರು ಕಾಲಂ ಹಾಕಿ: ಸೇನೆ, ಸರ್ಕಾರ, ದುಡ್ಡು. ಇಂಥವರ ಬಗ್ಗೆ ಬರೆಯೋರು ಸೈನಿಕ, ರಾಜಕಾರಣಿ, ಉದ್ಯಮಿ ಅಂತ ಬೇರೆ ಬೇರೆ ಭಾಗ ಮಾಡಿಬಿಡ್ತಾರೆ, ಹಂಗೆ ಮಾಡಿದ್ರೆ ಅಸಲಿ ವಿಷಯ ಸಂದಿಯಲ್ಲೇ ಬಿದ್ದೋಗುತ್ತೆ.

ಸೇನೆ ಕಾಲಂ ಸುಲಭ. 1958ರಲ್ಲಿ ಸೇರಿದ್ದು, ಕಾಂಗೊದಲ್ಲಿ ವಿಶ್ವಸಂಸ್ಥೆ ಪಡೆ ಜೊತೆ ಇದ್ದದ್ದು, 1965ರಲ್ಲಿ ನಮ್ಮ ಊಟಿ ಹತ್ತಿರದ ವೆಲಿಂಗ್ಟನ್ ಸ್ಟಾಫ್ ಕಾಲೇಜಿಗೂ ಪುಣೆಯ ಮಿಲಿಟರಿ ಎಂಜಿನಿಯರಿಂಗ್ ಸ್ಕೂಲಿಗೂ ಟ್ರೈನಿಂಗಿಗೆ ಬಂದದ್ದು (ಹೌದು, ಇಲ್ಲೇ ಕಲಿತು ಹೋದವರು). 1966 ಜನವರಿಯಲ್ಲಿ ವಾಪಸ್ ಹೋಗಿ ಎರಡೇ ದಿನಕ್ಕೆ ಅಲ್ಲಿ ಮೊದಲ ಮಿಲಿಟರಿ ಕ್ರಾಂತಿ ಆಯ್ತು. ನೈಜೀರಿಯಾದಿಂದ ಬೇರೆ ದೇಶ ಆಗೋಕೆ ಹೊರಟಿದ್ದ ಬಿಯಾಫ್ರಾ ವಿರುದ್ಧದ ಯುದ್ಧದಲ್ಲಿ 1969ರ ಮೇನಲ್ಲಿ ಬೆಂಜಮಿನ್ ಅಡೆಕುನ್ಲೆ ಜಾಗಕ್ಕೆ ಇವರು ಥರ್ಡ್ ಮರೀನ್ ಕಮಾಂಡೊ ಡಿವಿಷನ್ ಕಮಾಂಡರ್ ಆಗಿ ಬಂದ್ರು, 1970 ಜನವರಿಯಲ್ಲಿ ಬಿಯಾಫ್ರಾ ಶರಣಾಯ್ತು. ಯುದ್ಧದ ಬಗ್ಗೆ ಅವರೇ ಬರೆದದ್ದನ್ನ ಓದಿ, ಆದ್ರೆ ಅದೇ ಡಿವಿಷನ್‌ನಲ್ಲಿದ್ದ ಬೇರೆ ಆಫೀಸರ್‌ಗಳು ಅದನ್ನ ಪೂರ್ತಿ ಒಪ್ಪಿಲ್ಲ, ಅವರು ಬರೆದದ್ದನ್ನೂ ಹುಡುಕಿ ಪಕ್ಕದಲ್ಲಿಟ್ಕೊಳ್ಳಿ. ಗೆದ್ದ ಜನರಲ್ ಒಬ್ಬನೇ ಹೇಳೋ ಕಥೆ ನಂಬಿ ಕೂರೋದಕ್ಕಾಗಲ್ಲ.

ಸರ್ಕಾರದ ಕಾಲಂಗೆ ಬಂದಾಗ ಆತುರ ಬೇಡ. 1976 ಫೆಬ್ರವರಿ 13ಕ್ಕೆ ಮಿಲಿಟರಿ ಸರ್ಕಾರದ ಮುಖ್ಯಸ್ಥ ಮುರ್ತಾಲಾ ಮೊಹಮ್ಮದ್ ಕೊಲೆ ಆಗಿ ಆ ಜಾಗಕ್ಕೆ ಇವರು ಬಂದ್ರು, 1979 ಅಕ್ಟೋಬರ್ 1ಕ್ಕೆ ಚುನಾಯಿತ ಶೆಹು ಶಗಾರಿಗೆ ಅಧಿಕಾರ ಬಿಟ್ಟುಕೊಟ್ರು. ಕುರ್ಚಿ ತಾನಾಗೇ ಬಿಟ್ಟ ಮಿಲಿಟರಿಯವನು ಅಂತ ಜಗತ್ತೆಲ್ಲಾ ಹೊಗಳಿದ್ದು ಇದಕ್ಕೇನೆ, ಹೊಗಳಬೇಕಾದ್ದೇ. ಆದ್ರೆ ಅದೇ ಕಾಲಂನಲ್ಲಿ 1977 ಫೆಬ್ರವರಿನೂ ಬರೀರಿ: ಲಾಗೋಸ್‌ನಲ್ಲಿ ಗಾಯಕ ಫೆಲಾ ಕುಟಿ ಮನೆಗೆ ಸೈನಿಕರು ನುಗ್ಗಿ ಬೆಂಕಿ ಇಟ್ರು, ಅವರ ತಾಯಿ ಫುನ್ಮಿಲಾಯೊನ ಕಿಟಕಿಯಿಂದ ಎಸೆದ್ರು, ಆಯಮ್ಮ ಮುಂದಿನ ವರ್ಷ ತೀರ್ಕೊಂಡ್ರು. ವಿಚಾರಣೆಯಲ್ಲಿ ತಪ್ಪು ಹೊತ್ತದ್ದು ಯಾರು ಅಂದ್ರೆ 'ಗುರುತು ಗೊತ್ತಿಲ್ಲದ ಸೈನಿಕರು'.

ಈಗ ದುಡ್ಡಿನ ಕಾಲಂ, ಕಾಲಂ ಹಾಕಿದ್ದರ ಉಪಯೋಗ ಗೊತ್ತಾಗೋದೇ ಇಲ್ಲಿ. 1978ರಲ್ಲಿ ಇವರ ಸರ್ಕಾರ ರಾಜ್ಯದ ಜಮೀನೆಲ್ಲಾ ಅಲ್ಲಿನ ಗವರ್ನರ್ ಕೈಗೆ ಕೊಡೋ ಭೂ ಕಾನೂನು ತಂತು. 1979ರಲ್ಲಿ ಇವರು ರಿಟೈರ್ ಆಗಿ ಓಟಾದಲ್ಲಿ ಫಾರಂ ಶುರು ಮಾಡಿದ್ರು, ಕೋಳಿ ಸಾಕಣೆಯಲ್ಲಿ ದೊಡ್ಡ ಹೆಸರಾಯ್ತು. ಎರಡೂ ವರ್ಷ ಅಕ್ಕಪಕ್ಕ ಬಿದ್ದ ಮಾತ್ರಕ್ಕೆ ಅಕ್ರಮ ಅಂತ ಬರೀಬೇಡಿ, ಆದ್ರೆ ಪ್ರಶ್ನೆ ಚಿಹ್ನೆ ಹಾಕಿಡಿ.

1995ರಲ್ಲಿ ಸರ್ವಾಧಿಕಾರಿ ಅಬಾಚಾ, ಕ್ರಾಂತಿಗೆ ಸಂಚು ಮಾಡಿದ್ದಾರೆ ಅಂತ ಇವರನ್ನ ಜೈಲಿಗೆ ಹಾಕಿದ. ಜೊತೆಗೆ ಸಿಕ್ಕಿಬಿದ್ದ ಶೆಹು ಮೂಸಾ ಯಾರ್‌ಅದುವಾ, ಅವರೂ ಜನರಲ್ಲೇ, ರಾಜಕಾರಣಿ, ಉದ್ಯಮಿ, 1997ರಲ್ಲಿ ಜೈಲಲ್ಲೇ ಸತ್ರು. 1998 ಜೂನ್‌ನಲ್ಲಿ ಅಬಾಚಾ ಸತ್ತ, ಇವರು ಹೊರಗೆ ಬಂದ್ರು, ಒಂದು ವರ್ಷದೊಳಗೆ ಅಧ್ಯಕ್ಷ! ಇದು ಹೆಂಗಾಯ್ತು ಅಂತ ತಿಳಿಬೇಕಂದ್ರೆ ಒಟ್ಟು ಓಟು ನೋಡಿದ್ರೆ ಸಾಲದು, ರಾಜ್ಯವಾರು ಲೆಕ್ಕ ನೋಡಿ. ತನ್ನದೇ ಯೊರುಬಾ ಜನರ ರಾಜ್ಯಗಳಲ್ಲಿ ಸೋತು ಉತ್ತರದ ಓಟು, ಹಳೇ ಜನರಲ್‌ಗಳ ಬೆಂಬಲದಲ್ಲಿ ಗೆದ್ದವರು.

2005ನೇ ಇಸವಿಗೆ ಒಂದಿಡೀ ಪುಟ ಬಿಡಿ. ಆ ವರ್ಷ ಪ್ಯಾರಿಸ್ ಕ್ಲಬ್ (ಸಾಲ ಕೊಟ್ಟ ಶ್ರೀಮಂತ ದೇಶಗಳ ಗುಂಪು) ಸಾಲ ಸುಮಾರು 3,000 ಕೋಟಿ ಡಾಲರ್‌ನಲ್ಲಿ 1,800 ಕೋಟಿ ಮನ್ನಾ ಆಯ್ತು, ಫೈನಾನ್ಸ್ ಮಿನಿಸ್ಟರ್ ಎನ್‌ಗೋಜಿ ಒಕೊಂಜೊ ಇವೆಯಾಲಾ ಮಾಡಿದ ಕೆಲಸ ಅದು. ಅದೇ ವರ್ಷ ಅಧಿಕಾರದಲ್ಲಿ ಇದ್ಕೊಂಡೇ ಅಬೆಯೊಕುಟಾದಲ್ಲಿ ತಮ್ಮ ಹೆಸರಿನ ಲೈಬ್ರರಿಗೆ ದೊಡ್ಡ ಉದ್ಯಮಿಗಳಿಂದ ಚಂದಾ ಎತ್ತಿದ್ರು. ಟ್ರಾನ್ಸ್‌ಕಾರ್ಪ್ ಅನ್ನೋ ಹೊಸ ಕಂಪನಿಯಲ್ಲಿ ಇವರ ಹೆಸರಿನ ಸಂಸ್ಥೆಗೆ 20 ಕೋಟಿ ಶೇರು ಇದ್ದದ್ದೂ ಆಚೆ ಬಂತು, ಮುಂದೆ ಸರ್ಕಾರಿ ಟೆಲಿಫೋನ್ ಕಂಪನಿ ಸಿಕ್ಕಿದ್ದು ಅದೇ ಟ್ರಾನ್ಸ್‌ಕಾರ್ಪ್‌ಗೆ. ಸಾಲ ತೀರಿಸಿದ ಪುಣ್ಯಾತ್ಮ ಅಂತಲೋ, ಬರೀ ಕಳ್ಳ ಅಂತಲೋ ಒಂದೇ ಕಡೆ ವಾಲಬೇಡಿ, ಎರಡನ್ನೂ ಒಂದೇ ಪುಟದಲ್ಲಿ ಇಡಿ.

ಅಲ್ಲಿನ ಸಂವಿಧಾನದಲ್ಲಿ ಅಧ್ಯಕ್ಷರಿಗೆ ಎರಡೇ ಟರ್ಮ್. 2006 ಮೇನಲ್ಲಿ ಮೂರನೇ ಟರ್ಮ್‌ಗೆ ದಾರಿ ಮಾಡೋ ತಿದ್ದುಪಡಿನ ಸೆನೆಟ್ ತಳ್ಳಿಹಾಕ್ತು. ನಾನು ಕೇಳಲೇ ಇಲ್ಲ ಅಂತ ಅವರು ಹೇಳಿದ್ದಾರೆ, ಅದನ್ನೂ ಬರೀರಿ, ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಮತ್ತೆ 2015ರಲ್ಲಿ ತಮ್ಮ ಪಕ್ಷದ ಕಾರ್ಡ್ ಹರಿದುಹಾಕಿದ್ರು ಅಂತ ಎಲ್ಲರೂ ಬರೀತಾರಲ್ಲ, ಕಾರ್ಡ್ ಕೊಟ್ಟು ಹರಿಯೋಕೆ ಹೇಳಿದ್ದು ಅವರು, ಕೈಯಾರೆ ಹರಿದದ್ದು ವಾರ್ಡ್ ಲೀಡರ್.

ಕೈ ಪಳಗಿದ ಮೇಲೆ ಇದೇ ಮೂರು ಕಾಲಂ ಥಿಯೊಫಿಲಸ್ ಡಂಜುಮಾಗೆ ಹಾಕಿ: 1975ರಿಂದ 79ರವರೆಗೆ ಸೇನಾ ಮುಖ್ಯಸ್ಥ, 1998ರಲ್ಲಿ ಅಬಾಚಾ ಕೊಟ್ಟ ತೈಲ ಬ್ಲಾಕ್ (ಎಣ್ಣೆ ಹುಡುಕಿ ತೆಗೆಯೋಕೆ ಬಿಟ್ಟ ಜಾಗ), 1999ರಲ್ಲಿ ಒಬಸಾಂಜೊ ಸಂಪುಟದಲ್ಲಿ ಡಿಫೆನ್ಸ್ ಮಿನಿಸ್ಟರ್, 2006ರಲ್ಲಿ ಅದೇ ಬ್ಲಾಕಿನ 45% ಚೀನಾ ಕಂಪನಿಗೆ 200 ಕೋಟಿ ಡಾಲರ್‌ಗೂ ಮೇಲೆ ಮಾರಾಟ.