ಪೊಲೀಸ್ ಸಂಶೋಧನೆಗೆ ದಾನಿಗಳ ಹಣ ತರುವುದು ಹೇಗೆ?

ಮೊದಲು ಪ್ರಶ್ನೆ ಗಟ್ಟಿಮಾಡಿಕೊಳ್ಳಿ. ‘ಪೊಲೀಸ್ ಸುಧಾರಣೆ’ ಎಂಬ ಎರಡು ಪದ ನೆಚ್ಚಿಕೊಂಡು ಅರ್ಜಿ ಹಾಕಿದರೆ ಯಾರೂ ದುಡ್ಡು ಬಿಚ್ಚುವುದಿಲ್ಲ. ಅಮೆರಿಕದಲ್ಲಿ 1970ರಲ್ಲಿ ಫೋರ್ಡ್ ಫೌಂಡೇಶನ್ 3 ಕೋಟಿ ಡಾಲರ್ ಕೊಟ್ಟು ಪೊಲೀಸ್ ಫೌಂಡೇಶನ್ ಎಂಬ ಸಂಶೋಧನಾ ಸಂಸ್ಥೆಯನ್ನು ಹುಟ್ಟುಹಾಕಿತು. ಅದು ಕ್ಯಾನ್ಸಸ್ ಸಿಟಿಯಲ್ಲಿ ಕೇಳಿದ್ದು ಇಷ್ಟೇ: ಗಸ್ತು ವಾಹನ ಸುತ್ತುತ್ತಿದ್ದರೆ ಅಪರಾಧ ತಗ್ಗುತ್ತದೆಯೇ? 1972-73ರಲ್ಲಿ 15 ಬೀಟ್‌ಗಳನ್ನು (ಗಸ್ತು ಪ್ರದೇಶಗಳನ್ನು) ಮೂರು ಪಾಲು ಮಾಡಿದರು. ಒಂದು ಪಾಲಿನಲ್ಲಿ ಕರೆ ಬಂದರಷ್ಟೇ ವಾಹನ ಒಳಗೆ ಹೋಗಬೇಕು, ಇನ್ನೊಂದರಲ್ಲಿ ಎಂದಿನ ಗಸ್ತು, ಮತ್ತೊಂದರಲ್ಲಿ ಎರಡು–ಮೂರು ಪಟ್ಟು. ಅಪರಾಧದಲ್ಲಾಗಲೀ ಜನರ ಭಯದಲ್ಲಾಗಲೀ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಎರಡನೆಯದು ಇಲಾಖೆಯ ಒಪ್ಪಿಗೆ. ದಾನಿಯ ಬಾಗಿಲು ತಟ್ಟುವ ಮೊದಲೇ ರಾಜ್ಯ ಪೊಲೀಸ್ ಮುಖ್ಯಸ್ಥರಾದ ಡಿಜಿ-ಐಜಿಪಿ ಕಚೇರಿಯಿಂದ ಲಿಖಿತ ಅನುಮತಿ ಪಡೆಯಿರಿ. ಎಸ್‌ಪಿ ಸಾಹೇಬರ ಬಾಯಿಮಾತು ಅವರ ವರ್ಗಾವಣೆಯೊಂದಿಗೇ ಹೊರಟುಹೋಗುತ್ತದೆ. ವರದಿ ಇಲಾಖೆಗೆ ಕಹಿಯಾದರೂ ಪ್ರಕಟಿಸುವ ಹಕ್ಕು ನಿಮ್ಮದೆಂದು ಒಪ್ಪಂದದಲ್ಲಿ ಬರೆಸಿಕೊಳ್ಳಿ. ಈ ಸಾಲಿಗೆ ಒಪ್ಪದ ದಾನಿಯ ಹಣ ಬೇಡವೆನ್ನುವುದೇ ಲೇಸು. ಕ್ಯಾನ್ಸಸ್ ಫಲಿತಾಂಶ ಕಪಾಟಿನಲ್ಲಿ ಉಳಿದಿದ್ದರೆ ಆ 3 ಕೋಟಿಯಿಂದ ಯಾರಿಗೇನು ಲಾಭ?

ಇನ್ನು ಹಣ. ಕಂಪನಿ ಕಾಯ್ದೆಯ 135ನೇ ಸೆಕ್ಷನ್ನಿನಡಿ ಬರುವ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ (ಸಿಎಸ್‌ಆರ್) ಖರ್ಚು ಮಾಡಬೇಕು. ಯಾವುದಕ್ಕೆ ಖರ್ಚು ಮಾಡಬಹುದೆಂದು ಪಟ್ಟಿಮಾಡುವ ಆ ಕಾಯ್ದೆಯ 7ನೇ ಷೆಡ್ಯೂಲ್‌ನಲ್ಲಿ ಪೊಲೀಸ್ ಸಂಶೋಧನೆಯ ಹೆಸರಿಲ್ಲ, ಲಿಂಗ ಸಮಾನತೆ, ಮಹಿಳಾ ಸಬಲೀಕರಣ ಇವೆ. ಠಾಣೆಯ ಮಹಿಳಾ ಸಹಾಯ ಕೇಂದ್ರದ ಅಧ್ಯಯನವಾದರೆ ಈ ದಾರಿ ಹಿಡಿಯಬಹುದು. ಮಧ್ಯಪ್ರದೇಶದ 180 ಠಾಣೆಗಳಲ್ಲಿ ಇಂಥದ್ದೇ ಪ್ರಯೋಗ ನಡೆದಿದೆ. ಆದಾಯ ತೆರಿಗೆ ವಿನಾಯಿತಿಯ 12ಎ, 80ಜಿ ನೋಂದಣಿ, ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆಗಳಿಗೆ ಸಿಗುವ ಸಿಎಸ್‌ಆರ್-1 ಸಂಖ್ಯೆ ಸಿದ್ಧವಿರಲಿ. ವಿದೇಶಿ ದಾನಿಯಾದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಬೇಕೇಬೇಕು. 2020ರ ತಿದ್ದುಪಡಿಯ ನಂತರ ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ.

ಬಜೆಟ್‌ನಲ್ಲಿ ಕ್ಯಾಮೆರಾ, ಆ್ಯಪ್‌ಗಳನ್ನೇ ತುಂಬಬೇಡಿ. ಠಾಣೆಗೆ ಹೋಗಿ ಬಂದ ದೂರುದಾರರನ್ನು ಮಾತನಾಡಿಸಲು ಬೇಕಾದ ಜನ, ಸಮಯ, ಬಸ್ ಖರ್ಚು ಮೊದಲು ಬರೆಯಿರಿ.

ಕರ್ನಾಟಕದಲ್ಲಿ ಅನುಮತಿ ಕೇಳುವವರಿಗೆ ಒಂದು ಅನುಕೂಲವಿದೆ. ಪೊಲೀಸ್, ನ್ಯಾಯಾಂಗ, ಜೈಲು, ಕಾನೂನು ನೆರವಿನಲ್ಲಿ ರಾಜ್ಯಗಳ ಸ್ಥಾನ ಅಳೆಯಲು ಟಾಟಾ ಟ್ರಸ್ಟ್ಸ್ 2019ರಲ್ಲಿ ಆರಂಭಿಸಿದ ಇಂಡಿಯಾ ಜಸ್ಟಿಸ್ ರಿಪೋರ್ಟ್‌ನ 2022 ಮತ್ತು 2025ರ ಆವೃತ್ತಿಗಳಲ್ಲಿ ದೊಡ್ಡ ರಾಜ್ಯಗಳ ಪೈಕಿ ನಮ್ಮದೇ ಮೊದಲು. ಪತ್ರದ ಮೊದಲ ಪ್ಯಾರಾದಲ್ಲಿ ಅದನ್ನು ಬರೆಯಿರಿ, ಕಷ್ಟದ ಪ್ರಶ್ನೆ ಎರಡನೆಯದರಲ್ಲಿರಲಿ.